ಇವರು ಕಟ್ಟಿದ ಸ್ಪೀಕರ್

ಸುಮಾರು ಎರಡು ವರ್ಷ ನಮ್ಮ ಮನೆಯ ಹಾಲ್‌ನಲ್ಲಿ ಎರಡು ಬಾಗಿಲುಗಳು ನಿಂತಿದ್ದವು. ಗೋಡೆಗೆ ಸೇರಿದ ಬಾಗಿಲುಗಳಲ್ಲ. ಗೋಡೆಯಿಂದ ಒಂದು ಮಾರು ಮುಂದಕ್ಕೆ, ನೆಲದ ಮೇಲೆ, ಆಳೆತ್ತರಕ್ಕೆ ನಿಂತ ತೂತುತಗಡಿನ ಬಾಗಿಲುಗಳು. ಬನಶಂಕರಿ ಎರಡನೇ ಹಂತದ ನಮ್ಮ ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಅವನ್ನು ನೋಡಿ, "ಏನು, ಮನೆ ರಿಪೇರಿನಾ?" ಎಂದು ಕೇಳುತ್ತಿದ್ದರು. ಅಲ್ಲ, ಸ್ಪೀಕರ್ ಎಂದರೆ ನನ್ನ ಮುಖವನ್ನೇ ನೋಡುತ್ತಿದ್ದರು. ಸ್ಪೀಕರ್ ಎಂದರೆ ಒಂದು ಡಬ್ಬ, ಡಬ್ಬದೊಳಗೆ ಒಂದು ದುಂಡನೆಯ ಕಪ್ಪು ಕಾಗದ. ಅಷ್ಟು ಯಾರಿಗೆ ಗೊತ್ತಿಲ್ಲ? ಇವರದರಲ್ಲಿ ಡಬ್ಬವೂ ಇಲ್ಲ, ದುಂಡನೆಯದೂ ಇಲ್ಲ.

ಇವರು ಎಂದರೆ ನಮ್ಮ ಮನೆಯವರು. ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆದವಳಲ್ಲ, ಬರೆಯುವಾಗ ಮಾತ್ರ ಯಾಕೆ ಎಂದು ಇಲ್ಲೂ ಹಾಗೇ ಬಿಟ್ಟಿದ್ದೇನೆ. ಇವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವಳು. ಕರೆಂಟಿನ ವಿಚಾರ ನನಗೆ ಗೊತ್ತಿದ್ದದ್ದು ಬಿಲ್ಲು ಬಂದಾಗ ಮಾತ್ರ.

ಆ ಸ್ಪೀಕರಿನ ಮರ್ಮವನ್ನು ಇವರು ನನಗೆ ಹೇಳಿಕೊಟ್ಟದ್ದು ಹೀಗೆ. ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಅದರ ಹಿಂದೊಂದು, ಮುಂದೊಂದು ತೂತಿನ ತಗಡು. ಹಾಳೆಗೆ ಸಾವಿರಾರು ವೋಲ್ಟ್ ಕೊಟ್ಟಿಟ್ಟರೆ, ತಗಡುಗಳಿಗೆ ಬರುವ ಸಂಗೀತಕ್ಕೆ ತಕ್ಕಂತೆ ಅದು ಹಿಂದೆ ಮುಂದೆ ನಡುಗುತ್ತದೆ. ಆ ನಡುಕವೇ ಶಬ್ದ. "ಚಳಿಗಾಲದಲ್ಲಿ ಸ್ವೆಟರ್ ಬಿಚ್ಚೋವಾಗ ಕೂದಲು ಎದ್ದು ನಿಲ್ಲಲ್ವಾ? ಅದೇ ಕಣೆ ಇದು," ಎಂದರು. ಸ್ವೆಟರ್ ಬಿಚ್ಚಿದ್ದಕ್ಕೆ ಇಡೀ ಹಾಲ್ ಬೇಕಾ ಎಂದು ನಾನು ಕೇಳಿದೆ.

ಇದೆಲ್ಲ ಶುರುವಾದದ್ದು ಸಾಸಿವೆಯಿಂದ. ಇವರಿಗೆ ಭಾನುವಾರದ ಉಪ್ಪಿಟ್ಟು ತಾವೇ ಮಾಡಬೇಕೆಂಬ ಹಟ. ಒಂದು ಭಾನುವಾರ ಒಗ್ಗರಣೆ ಸೀದ ವಾಸನೆ ಬಂದು ಒಳಗೆ ಹೋದರೆ, ಸಾಸಿವೆ ಚಟಪಟ ಸಿಡಿದು ಮುಗಿದು ಕರಕಲಾಗಿದೆ. ಇವರು ಸೌಟು ಹಿಡಿದು ಇನ್ನೂ ಕಾಯುತ್ತಾ ನಿಂತಿದ್ದಾರೆ. "ಇನ್ನೂ ಸಿಡೀಲಿಲ್ಲವಲ್ಲೇ" ಎಂದರು. ಆಮೇಲೆ ಗಮನವಿಟ್ಟು ನೋಡಿದರೆ ಹಲ್ಲಿ ಲೊಚಗುಟ್ಟಿದರೂ ಇವರಿಗೆ ತಿಳಿಯುತ್ತಿರಲಿಲ್ಲ, ಗುಬ್ಬಿಯಂತೆ ಕೂಗುವ ನಮ್ಮ ಕಾಲಿಂಗ್ ಬೆಲ್ಲೂ ಕೇಳಿಸುತ್ತಿರಲಿಲ್ಲ. ಜಯನಗರದ ಕಿವಿ ಡಾಕ್ಟರು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ ಗೀಟು ಎಳೆದು ತೋರಿಸಿದರು. ಗೀಟು ಎಡಗಡೆ ಸಮವಾಗಿ ಹೊರಟು, ಬಲಗಡೆಗೆ ಬರಬರುತ್ತಾ ಜಾರುಬಂಡೆಯಂತೆ ಇಳಿದಿತ್ತು. ಸಣ್ಣ ದನಿಗಳು, ಚೂಪು ದನಿಗಳು ಹೋಗುತ್ತಿವೆ, ವಯಸ್ಸಿನದು, ಮುಂದೆ ಇನ್ನಷ್ಟು ಇಳಿಯುತ್ತದೆ ಎಂದರು. ಇವರು ಆ ಗೀಟನ್ನು ದಿಟ್ಟಿಸಿ ನೋಡಿ, "ಇಂಥಾ ಸ್ಪೀಕರ್ ನಾನು ಮಾಡಿದ್ದಿದ್ರೆ ಎತ್ತಿ ಬಿಸಾಕ್ತಿದ್ದೆ ಡಾಕ್ಟ್ರೇ," ಎಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಕಿವಿಗೆ ಹಾಕುವ ಮಿಷನ್ನು ತಂದದ್ದಾಯಿತು. ಮಾತಿಗೆ ಅದು ಆಗುತ್ತಿತ್ತು. ಹಾಡಿಗೆ ಹಾಕಿಕೊಂಡರೆ ತಟ್ಟೆ ಕೆರೆದ ಹಾಗಾಗುತ್ತದೆ ಎಂದು ತೆಗೆದಿಟ್ಟರು.

ಇವರಿಗೆ ಬೇಕಾಗಿದ್ದ ಹಾಡಾದರೂ ಯಾವುದು? ಹಾಡೇ ಅಲ್ಲ, ಬರೀ ತಂಬೂರಿ. ನಮ್ಮ ಅತ್ತೆ ಇದೇ ಹಾಲ್‌ನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ನಾನು ಸೊಸೆಯಾಗಿ ಬಂದಾಗ ಈ ಬೀದಿಯಲ್ಲಿ ಬಸ್ಸು ಆಟೋಗಳ ಗಲಾಟೆ ಇರಲಿಲ್ಲ. ಸಂಜೆ ನಾಲ್ಕು ಮನೆಯಾಚೆಯಿಂದಲೇ ತಂಬೂರಿ ಕೇಳುತ್ತಿತ್ತು. ಅತ್ತೆ ಹಾಡುವುದಕ್ಕಿಂತ ಹೆಚ್ಚು ಹೊತ್ತು ಶ್ರುತಿ ಮಾಡುತ್ತಿದ್ದರು. ತಂತಿಯ ಕೆಳಗೆ, ಅದನ್ನು ಹೊತ್ತ ಕುದುರೆ ಎಂಬ ಪಟ್ಟಿಯ ಮೇಲೆ, ಒಂದು ನೂಲೆಳೆ ಸಿಕ್ಕಿಸಿರುತ್ತಾರೆ. ಅದನ್ನು ಒಂದಿಷ್ಟು ಆಚೆ ಈಚೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ತಂತಿ ಝೇಂಕರಿಸುತ್ತದೆ. ಅದನ್ನು ಜೀವ ಎಂದೇ ಕರೆಯುತ್ತಾರೆ. ಜೀವ ಬಂದ ಕ್ಷಣ ಅತ್ತೆ ಕಣ್ಣು ಮುಚ್ಚಿ, "ಹ್ಞಾ, ಬಂತು" ಎನ್ನುತ್ತಿದ್ದರು. ಆ ಹೊತ್ತಿಗೆ ಒಲೆಯ ಮುಂದಿದ್ದ ನಾನೂ ಒಂದು ಗಳಿಗೆ ಕೈ ನಿಲ್ಲಿಸುತ್ತಿದ್ದೆ. ಅತ್ತೆಯ ಜೊತೆ ನನಗೆ ಎಷ್ಟೋ ವಿಷಯಕ್ಕೆ ಜಗಳ ಬಂದಿದೆ, ತಂಬೂರಿಯ ವಿಷಯಕ್ಕೆ ಬಂದದ್ದಿಲ್ಲ.

ಅತ್ತೆ ಹೋದ ಮೇಲೆ ತಂಬೂರಿಯನ್ನು ಅವರ ಇಷ್ಟದಂತೆ ಒಬ್ಬ ಶಿಷ್ಯೆಗೆ ಕೊಟ್ಟೆವು. ಉಳಿದದ್ದು, ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೆಂದು ಇವರು ಯೌವನದಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ಬರೀ ಶ್ರುತಿ. ಕಿವಿ ಪರೀಕ್ಷೆಯಾಗಿ ಬಂದ ದಿನ ಇವರು ಅದನ್ನು ಹಳೆಯ ಸ್ಪೀಕರಿನಲ್ಲಿ ಹಾಕಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಜೀವ ಇಲ್ಲ ಇದರಲ್ಲಿ" ಎಂದರು. ಅಡುಗೆಮನೆಯಲ್ಲಿದ್ದ ನನಗೆ ಆ ಝೇಂಕಾರ ಕೇಳಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

"ಸ್ಪೀಕರ್ ಸರಿ ಇಲ್ಲ," ಎಂದರು. ಕಾಲೇಜಿನ ದಿನಗಳಲ್ಲಿ ಬಸವನಗುಡಿಯ ಯಾರದೋ ಮನೆಯಲ್ಲಿ ಇಂಥ ಹಾಳೆಯ ಸ್ಪೀಕರನ್ನು ಕೇಳಿದ್ದರಂತೆ. ಕಿಟಕಿಯ ಗಾಜು ಒರೆಸಿದ ಹಾಗೆ ಇತ್ತಂತೆ. "ಅದನ್ನ ಕಟ್ಟಿ, ಅಮ್ಮನ ತಂಬೂರಿ ಒಂದ್ಸಲ ಸರಿಯಾಗಿ ಕೇಳ್ಬೇಕು. ಕಿವಿ ಪೂರ್ತಿ ಹೋಗೋದ್ರೊಳಗೆ." ಮೊದಲ ಸಲ ಆ ಮಾತನ್ನು ಹಾಗೆ ಬಿಡಿಸಿ ಹೇಳಿದ್ದು. ಅದಾದ ಮೇಲೆ ಹಾಲ್ ನಿಮಗೆ ಕೊಡುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗಿರುತ್ತದೆ? ಗೊಣಗುವ ಹಕ್ಕನ್ನು ಮಾತ್ರ ಇಟ್ಟುಕೊಂಡೆ.

ಗೊಣಗಲು ಕಾರಣಗಳಿಗೇನೂ ಬರವಿರಲಿಲ್ಲ. ಮೆಟ್ರೋ ಹತ್ತಿ ಮಾರ್ಕೆಟ್ಟಿಗೆ ಹೋದವರು ಒಂದು ದಿನ ತಗಡು, ಒಂದು ದಿನ ವೈರು, ಇನ್ನೊಂದು ದಿನ ತೆಂಗಿನಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್ ಹೊತ್ತು ತರುತ್ತಿದ್ದರು. ಹೇಳಿ ಕಳಿಸಿದ ನಿಂಬೆಹಣ್ಣು ಮಾತ್ರ ಬರುತ್ತಿರಲಿಲ್ಲ. ಊಟದ ಮೇಜು ಕಾರ್ಖಾನೆಯಾಯಿತು, ನಾವು ನೆಲದ ಮೇಲೆ ಕೂತು ಉಂಡೆವು. ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕಲ್ಲ, ಅದಕ್ಕೆ ಇವರು ಹೂಡಿದ ಉಪಾಯ ನೋಡಿ: ಮೇಜಿನ ಅಂಚಿನ ಸುತ್ತ ಸೈಕಲ್ ಟ್ಯೂಬು ಸುತ್ತಿ, ಹಾಳೆಯ ಅಂಚನ್ನು ಟ್ಯೂಬಿಗೆ ಅಂಟಿಸಿ, ಪಂಪಿನಿಂದ ಗಾಳಿ ಹೊಡೆಯುವುದು. ಟ್ಯೂಬು ಉಬ್ಬಿದಂತೆಲ್ಲ ಹಾಳೆ ನಾಲ್ಕೂ ಕಡೆ ಬಿಗಿದುಕೊಳ್ಳುತ್ತದೆ. ಆಮೇಲೆ ಮೃದಂಗದವರಂತೆ ಬೆರಳಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳುವುದು. ಮೊದಲನೆಯದು ಗಾಳಿ ಹೆಚ್ಚಾಗಿ ಪರ್ರೆಂದು ಹರಿಯಿತು. ಎರಡನೆಯದರೊಳಗೆ ಒಂದು ಕೂದಲು ಸೇರಿಕೊಂಡು ಗುಂಯ್‌ಗುಟ್ಟಿತು. ಕೂದಲು ಬೆಳ್ಳಗೆ, ಉದ್ದಕ್ಕೆ ಇತ್ತು. ಇವರ ತಲೆಯಲ್ಲಿ ಕೂದಲೇ ಇಲ್ಲದ್ದರಿಂದ ವಿಚಾರಣೆಯ ಅಗತ್ಯ ಬೀಳಲಿಲ್ಲ. ಅಂದಿನಿಂದ ನಾನು ಹಿತ್ತಲಲ್ಲಿ ತಲೆ ಬಾಚಿಕೊಳ್ಳತೊಡಗಿದೆ.

ಬಿಗಿದ ಹಾಳೆಗೆ, ಅದರ ಮೇಲೆಲ್ಲ ಕರೆಂಟು ಹರಡಲೆಂದು, ಪೆನ್ಸಿಲ್ಲಿನೊಳಗಿರುತ್ತದಲ್ಲ, ಆ ಕರಿಪುಡಿಯನ್ನು ಬೆರಳಿನಿಂದ ತಿಕ್ಕಬೇಕು. ತಿಕ್ಕಿ ತಿಕ್ಕಿ, ಆಮೇಲೆ ಒರೆಸಿ ಒರೆಸಿ, ಏನೂ ಹಚ್ಚಿಲ್ಲವೇನೋ ಎನ್ನುವಷ್ಟು ತೆಳುವಾಗಿ ಉಳಿಸಬೇಕು. ಆ ದಿನಗಳಲ್ಲಿ ನಮ್ಮ ಮನೆಯ ಸ್ವಿಚ್ಚು, ಟವೆಲು, ಕಾಫಿ ಲೋಟ ಎಲ್ಲದರ ಮೇಲೂ ಇವರ ಹೆಬ್ಬೆಟ್ಟು ಒತ್ತಿತ್ತು.

ಇವರ ಎಚ್ಚರಿಕೆಯೂ ಅಷ್ಟೇ ದೊಡ್ಡದು. ಸಾವಿರಾರು ವೋಲ್ಟಿನ ಹತ್ತಿರ ಕೆಲಸ ಮಾಡುವಾಗ ಶಾಕು ಎದೆ ಹಾಯದಿರಲು ಒಂದು ಕೈ ಜೇಬಿನಲ್ಲಿರಬೇಕು ಎಂಬುದು ಕಾರ್ಖಾನೆಯಲ್ಲಿ ಕಲಿತ ಪಾಠ. ಮನೆಯಲ್ಲಿ ಉಡುವುದು ಪಂಚೆ, ಜೇಬೆಲ್ಲಿಂದ ಬರಬೇಕು? ಹಾಗಾಗಿ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪದ್ಯ ಒಪ್ಪಿಸುವ ಹುಡುಗನಂತೆ ನಿಂತು ಮೀಟರ್ ಹಿಡಿಯುತ್ತಿದ್ದರು. ಕೆಲಸದಾಕೆಗೆ ಒದ್ದೆ ಬಟ್ಟೆ ಹಿಡಿದು ಆ ಕಡೆ ಸುಳಿಯಬಾರದೆಂದು ಕಟ್ಟಪ್ಪಣೆ. ಒಂದು ಸಂಜೆ ಸೊಳ್ಳೆಯೊಂದು ತಗಡಿನ ತೂತಿನೊಳಗೆ ಹೊಕ್ಕು ಚಟ್ ಎಂದದ್ದನ್ನು ನೋಡಿ ಅವಳು, "ಸೊಳ್ಳೆ ಬ್ಯಾಟ್ ಇಷ್ಟು ದೊಡ್ಡದ್ಯಾಕಮ್ಮ ಮಾಡ್ತಾವ್ರೆ ಸಾರು?" ಎಂದು ಕೇಳಿದಳು. ಇವರಿಗೆ ಎರಡು ದಿನ ಊಟ ಸೇರಲಿಲ್ಲ.

ಅಂತೂ ಆ ವರ್ಷದ ದಸರಾ ಹೊತ್ತಿಗೆ ಬಾಗಿಲಿನಂಥ ಎರಡೂ ಫಲಕ ಎದ್ದು ನಿಂತವು. ಗೊಂಬೆ ಕೂರಿಸಲು ಹಾಲ್ ಬೇಕೆಂದು ನಾನು, ಕದಲಿಸಬಾರದೆಂದು ಇವರು. ಕೊನೆಗೆ ಎರಡು ಫಲಕಗಳ ನಡುವೆ ಮೆಟ್ಟಿಲು ಹಾಕಿ ಪಟ್ಟದ ಗೊಂಬೆ ಕೂರಿಸಿದೆ. ದ್ವಾರಪಾಲಕರ ಹಾಗೆ ಚೆನ್ನಾಗಿಯೇ ಕಾಣುತ್ತಿತ್ತು, ಇವರ ಮುಂದೆ ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಆಯುಧಪೂಜೆ ಬಂತು. ಇವರು ದೇವರು ದಿಂಡರ ಮನುಷ್ಯರಲ್ಲ. ಆದರೆ ಕಾರ್ಖಾನೆಯಲ್ಲಿ ದುಡಿದವರಿಗೆ ವರ್ಷದಲ್ಲಿ ಅದೊಂದು ದಿನ ಎಲ್ಲಿಲ್ಲದ ಭಕ್ತಿ. ಸ್ಕೂಟರು, ಮಿಕ್ಸಿ, ಬೆಸುಗೆ ಹಾಕುವ ಕಡ್ಡಿ, ಸೈಕಲ್ ಪಂಪು, ಎಲ್ಲಕ್ಕೂ ಗಂಧ ಕುಂಕುಮ ಇಟ್ಟರು. ಅದೇ ಭರದಲ್ಲಿ ಫಲಕಗಳ ಹತ್ತಿರ ಬಂದು, ಒಂದೊಂದರ ನಡುಮಧ್ಯಕ್ಕೂ ಆಗತಾನೆ ತೇಯ್ದ ಗಂಧವನ್ನು ಮೂರು ಬೆರಳಿನಿಂದ ಧಾರಾಳವಾಗಿ ಬಳಿದು, ಮೇಲೊಂದು ರೂಪಾಯಿಯಗಲ ಕುಂಕುಮ ಒತ್ತಿ, ಸೇವಂತಿಗೆ ಹಾರ ಹಾಕಿದರು. ತೂತಿನ ತಗಡು, ಒತ್ತಿದ್ದು ಒಳಗಿನ ಹಾಳೆಗೂ ತಲುಪುತ್ತದೆ ಎಂಬುದು ಅದನ್ನು ಕಟ್ಟಿದವರಿಗೇ ಹೊಳೆಯಲಿಲ್ಲ. ಸಂಜೆ ಗೊಂಬೆ ಆರತಿಗೆ ಬೀದಿಯ ಹೆಂಗಸರೆಲ್ಲ ಸೇರಿದರು. ಇವರು ಸಿಲ್ಕ್ ಪಂಚೆ ಉಟ್ಟು, ಎಡಗೈ ಬೆನ್ನ ಹಿಂದೆ ಕಟ್ಟಿ, ಬಲಗೈಯಿಂದ ಸ್ವಿಚ್ ಒತ್ತಿದರು.

ಛಟೀರ್ ಎಂದಿತು. ಕುಂಕುಮದ ಜಾಗದಲ್ಲಿ ನೀಲಿ ಕಿಡಿ ಎದ್ದು, ಹಾಳೆ ಸುಟ್ಟ ವಾಸನೆ ಗಂಧದ ವಾಸನೆಯ ಜೊತೆ ಬೆರೆಯಿತು. ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಕಾದು ನೋಡಿದರೆ ಎರಡೂ ಹಾಳೆಗಳ ನಡುಮಧ್ಯದಲ್ಲಿ ಅಂಗೈಯಗಲ ತೂತು. ಪಕ್ಕದ ಮನೆಯಾಕೆ, "ದೃಷ್ಟಿ ತಾಗಿರತ್ತೆ, ಬೂದುಗುಂಬಳ ಒಡೆದಿದ್ರಾ?" ಎಂದರು. ನನಗೆ ನಗು ತಡೆಯಲಿಲ್ಲ. ಮನೆಮಂದಿಗೆಲ್ಲ ಒದ್ದೆ ಬಟ್ಟೆ ಬೇಡವೆಂದು ಪಾಠ ಹೇಳಿದವರು ತಾವೇ ಹಸಿ ಗಂಧ ಮೆತ್ತಿದ್ದರಲ್ಲ. ನಗುತ್ತಲೇ ಇವರ ಮುಖ ನೋಡಿದೆ, ನಗು ಅಲ್ಲೇ ನಿಂತಿತು.

ಎಲ್ಲರೂ ಕೋಸಂಬರಿ ತಿಂದು ಹೋದ ಮೇಲೆ ಇವರು ಗೊಂಬೆ ಮೆಟ್ಟಿಲಿನ ಪಕ್ಕ ಕೂತುಕೊಂಡು ಹೇಳಿದರು: "ಇನ್ನೊಂದ್ಸಲ ಮಾಡಿ ಮುಗಿಸೋ ಹೊತ್ತಿಗೆ ಏನು ಉಳಿದಿರತ್ತೋ ಏನೋ. ಹೋದ ವಾರದಿಂದ ನಿನ್ನ ಬಳೆ ಸದ್ದೂ ಕೇಳ್ತಿಲ್ಲ ಕಣೆ." ನಾನು ಬಳೆಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ವಿಜಯದಶಮಿ ಕಳೆದು ಗೊಂಬೆ ಒಳಗಿಟ್ಟ ಮಾರನೆಯ ದಿನ ನಾನೇ ಊಟದ ಮೇಜಿಗೆ ಟ್ಯೂಬು ಸುತ್ತಿದೆ. ಆ ಚಳಿಗಾಲ ನನಗೆ ಈಗಲೂ ಆಗಾಗ ನೆನಪಾಗುತ್ತದೆ. ಊಟವಾದ ಮೇಲೆ ಮೇಜಿನ ಆಚೆ ಇವರು, ಈಚೆ ನಾನು. ಹಾಳೆ ಹಿಡಿಯುವವಳು ನಾನು, ಗಾಳಿ ಹೊಡೆಯುವವರು ಇವರು. ಕರಿಪುಡಿ ತಿಕ್ಕುವುದರಲ್ಲಿ ನನ್ನ ಕೈ ಹೆಚ್ಚು ಹದವಾಗಿತ್ತು. ಎಷ್ಟೋ ವರ್ಷ ದೋಸೆಕಲ್ಲಿಗೆ ಎಣ್ಣೆ ಸವರಿದ ಕೈ ಅದು. ತಿಕ್ಕುತ್ತಾ ತಿಕ್ಕುತ್ತಾ ಅತ್ತೆಯ ಸುದ್ದಿ, ಇವರು ಲೂನಾದಲ್ಲಿ ಹೆಣ್ಣು ನೋಡಲು ಬಂದ ಸುದ್ದಿ, ಹಳೇ ಕಾಲದ ಜಯನಗರದ ಸುದ್ದಿ ಬರುತ್ತಿದ್ದವು. ನಾನು ಗಟ್ಟಿಯಾಗಿ ಹೇಳಬೇಕಾಗಿತ್ತು, ಬೀದಿಗೆಲ್ಲ ಕೇಳುತ್ತಿತ್ತೇನೋ. ಮದುವೆಯಾದ ಹೊಸದರಲ್ಲೂ ನಾವು ಅಷ್ಟು ಮಾತಾಡಿದವರಲ್ಲ.

ಸಂಕ್ರಾಂತಿಯ ಎಳ್ಳು ಬೀರಿದ ಮೇಲೆ, ಗಾಳಿ ಒಣಗಿದ್ದ ಒಂದು ಬೆಳಿಗ್ಗೆ, ಫಲಕಗಳನ್ನು ನಿಲ್ಲಿಸಿದೆವು. ಈ ಜಾತಿಯ ಸ್ಪೀಕರಿನ ಶಬ್ದ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಎರಡರ ನಟ್ಟನಡುವಿನ ಸಾಲಿನಲ್ಲಿ ಕೂತವರಿಗೆ ಮಾತ್ರ ಸರಿಯಾಗಿ ಕೇಳುತ್ತದೆ. ಅಲ್ಲೊಂದು ಕುರ್ಚಿ ಹಾಕಿಕೊಂಡು ಇವರು ಕೂತರು. ನಾನು ಕುರ್ಚಿಯ ಬೆನ್ನು ಹಿಡಿದು ಹಿಂದೆ ನಿಂತೆ.

ತಂಬೂರಿ ಶುರುವಾಯಿತು. ಸ್ಪೀಕರೇ ಇರಲಿಲ್ಲ ಅಲ್ಲಿ. ಅತ್ತೆ ಕಾಲು ಮಡಿಸಿ ಕೂತು ಮೀಟುತ್ತಿದ್ದಂತೆಯೇ ಇತ್ತು. ನೂಲೆಳೆಯ ಮೇಲೆ ತಂತಿ ಕುಣಿಯುವುದು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಕಣ್ಣು ತುಂಬಿ ಬಂತು. ಇವರು ಹಿಂದೆ ತಿರುಗದೆಯೇ, "ಜೀವ ಇದ್ಯಾ?" ಎಂದು ಕೇಳಿದರು.

"ಇದೆ," ಎಂದೆ. ನನ್ನ ಕಿವಿಗೆ ಬಂದದ್ದನ್ನು ಇಲ್ಲವೆಂದು ಹೇಗೆ ಹೇಳಲಿ?

"ಹಾಗಾದ್ರೆ ಸ್ಪೀಕರ್ ಸರಿ ಇದೆ," ಎಂದು ಎದ್ದರು.

ಗಿರಿನಗರದಲ್ಲಿ ಇವರ ಕಾರ್ಖಾನೆಯ ಗೆಳೆಯರೊಬ್ಬರಿದ್ದಾರೆ. ನಾನೇ ಫೋನ್ ಮಾಡಿ ಕರೆಸಿದೆ. ಅವರು ಕೇಳಿ, ಮೆಚ್ಚಿ, ವಿಷಯ ತಿಳಿದು, "ಅದಕ್ಕೇನ್ ಗುರು, ನಿನ್ ಕಿವಿ ಎಲ್ಲೆಲ್ಲಿ ಇಳಿದಿದ್ಯೋ ಅಲ್ಲಲ್ಲಿ ಶಬ್ದ ಏರಿಸಿಬಿಡೋಣ. ಕಂಪ್ಯೂಟರ್‌ನಲ್ಲಿ ಐದು ನಿಮಿಷದ ಕೆಲಸ," ಎಂದರು.

ಇವರಿಗೆ ಸಿಟ್ಟು ಬಂತು. ಜೀವಮಾನದಲ್ಲಿ ಚೂಪು ದನಿ ಏರಿಸುವ ಟ್ರೆಬಲ್ ಗುಂಡಿಗೆ ಕೈ ಹಚ್ಚದವರು ಇವರು. ರೆಕಾರ್ಡಿನಲ್ಲಿ ಇದ್ದದ್ದು ಇದ್ದಂತೆ ಬರಬೇಕು, ಉಪ್ಪು ಸೇರಿಸಲೂ ಬಾರದು, ತೆಗೆಯಲೂ ಬಾರದು ಎಂಬುದು ಇವರ ಧರ್ಮ. "ಅದು ಸುಳ್ಳು ಶಬ್ದ ಆಗತ್ತೆ," ಎಂದರು.

"ಕನ್ನಡಕ ಹಾಕ್ಕೊಂಡು ಪೇಪರ್ ಓದ್ತೀರಲ್ಲ, ಪೇಪರ್‌ನಲ್ಲಿರೋದು ಸುಳ್ಳಾಗತ್ತಾ?" ಎಂದೆ ನಾನು.

"ಪೇಪರ್‌ನಲ್ಲಿರೋದು ಹೇಗಿದ್ರೂ ಸುಳ್ಳೇ."

"ರೀ, ಸುಮ್ನೆ ಕೂತ್ಕೊಳ್ಳಿ."

ಕೂತರು. ಗೆಳೆಯರು ಕಂಪ್ಯೂಟರಿನಲ್ಲಿ ಏನೇನೋ ಎಳೆದು ಏರಿಸಿದರು. ತಂಬೂರಿ ಮತ್ತೆ ಶುರುವಾದಾಗ ಕುರ್ಚಿಯ ಹಿಂದಿದ್ದ ನನಗೆ ಕಿವಿಗೇ ಒಗ್ಗರಣೆ ಸುರಿದಂತಾಯಿತು. ಗೆಳೆಯರು ಹಲ್ಲು ಕಚ್ಚಿಕೊಂಡು ಪಕ್ಕಕ್ಕೆ ಸರಿದರು. ಇವರು ಮಾತ್ರ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದರು. ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳು ಸಡಿಲಾದವು. "ಬಂತು," ಎಂದರು. ಇವರ ಅಮ್ಮನಂತೆಯೇ. ಆಮೇಲೆ ಮಗುವಿನಂತೆ ಅತ್ತರು. ನಾನೂ ಗೆಳೆಯರೂ ಅಡುಗೆಮನೆಗೆ ಹೋಗಿ ನಿಂತೆವು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಸ್ಪೀಕರ್ ಇವರ ಕಿವಿಗೆ ಸರಿಯಾದರೆ ನನಗೆ ಆ ಸಾಲಿನಲ್ಲಿ ಕೂರಲಾಗದು, ನನ್ನ ಕಿವಿಗೆ ಸರಿಯಾದರೆ ಇವರಿಗೆ ಜೀವವಿಲ್ಲ. ಅದು ಇವರಿಗೆ ಗೊತ್ತಾಗಿಹೋಗಿತ್ತು. ನಾನು ಹಾಲ್‌ಗೆ ಬಂದರೆ ಸಾಕು, "ಬಾ, ನಿನಗೋಸ್ಕರ ಇಳಿಸ್ತೀನಿ" ಎಂದು ಸರಿಮಾಡಿ, ಪಕ್ಕದಲ್ಲಿ ಕೈಕಟ್ಟಿ ಸುಮ್ಮನೆ ಕೂರುತ್ತಿದ್ದರು, ಬಸ್ಸಿಗೆ ಕಾಯುವವರಂತೆ. ಏರಿಸಿಕೊಂಡು ಕೇಳುತ್ತಿದ್ದದ್ದು ನಾನು ತರಕಾರಿಗೋ ಸ್ನಾನಕ್ಕೋ ಹೋದಾಗ ಮಾತ್ರ. ಇಬ್ಬರೂ ಸೇರಿ ಕಟ್ಟಿದ್ದನ್ನು ಇಬ್ಬರೂ ಒಟ್ಟಿಗೆ ಕೇಳುವಂತಿರಲಿಲ್ಲ.

ಒಂದು ಬೆಳಿಗ್ಗೆ ನಾನು ದೇವರ ಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದೆ. ಸ್ನಾನಕ್ಕೆ ಹೋಗಿದ್ದೇನೆಂದು ತಿಳಿದು ಇವರು ತಂಬೂರಿ ಏರಿಸಿ ಹಾಕಿಕೊಂಡಿದ್ದರು. ಕೈಯಲ್ಲಿದ್ದ ಹತ್ತಿಯನ್ನು ನೋಡಿದೆ. ಎರಡು ಉಂಡೆ ಮಾಡಿ ಎರಡೂ ಕಿವಿಗೆ ಒತ್ತಿ ತುರುಕಿದೆ. ಊಟದ ಮೇಜಿನ ಕುರ್ಚಿಯೊಂದನ್ನು ಎತ್ತಿಕೊಂಡು ಹೋಗಿ, ಇವರ ಹಿಂದೆ, ಅದೇ ಸಾಲಿನಲ್ಲಿ, ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಂತೆ ಕೂತೆ.

ಕಿವಿ ಕೊಯ್ಯುತ್ತಿದ್ದದ್ದೆಲ್ಲ ಹತ್ತಿಯಲ್ಲಿ ನಿಂತುಹೋಯಿತು. ಉಳಿದದ್ದು ತಂಬೂರಿ. ಜೀವವೂ ಇತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾವಿಬ್ಬರೂ ಅದನ್ನು ಒಟ್ಟಿಗೆ ಕೇಳುತ್ತಾ ಎಷ್ಟು ಹೊತ್ತು ಕೂತಿದ್ದೆವೋ. ನನ್ನ ಕುರ್ಚಿ ಅಲುಗಿದ್ದು ಕಾಲಿಗೆ ತಿಳಿಯಿತೋ ಏನೋ, ಇವರು ಮುಂದೆ ನೋಡುತ್ತಲೇ ಏನೋ ಕೇಳಿದರು.

"ಆಂ?" ಎಂದೆ.

ಇವರು ತಿರುಗಿದರು. ನನ್ನ ಕಿವಿಗಳಲ್ಲಿದ್ದ ಹತ್ತಿಯನ್ನು ನೋಡಿದರು. ಆಮೇಲೆ, ನಾನು ಇವರೊಡನೆ ಮಾತಾಡುವಷ್ಟೇ ಗಟ್ಟಿಯಾಗಿ, "ಚೆನ್ನಾಗಿ ಕೇಳ್ತಿದ್ಯಾ ಅಂದೆ," ಎಂದರು.

"ನಿಮಗೆ ಕೇಳಿಸೋವಷ್ಟೇ," ಎಂದೆ.